ಕಲ್ಲಿನಾಥ ದೊಡ್ಡ ಪ್ರಿಂಟರ್ ಆರಿಸಿದ್ದು

ಹೂಂ ಅನ್ನುವವರು ಇದ್ದೀರಲ್ಲ? ಹಾಗಾದರೆ ಹೇಳುತ್ತೇನೆ. ನಗು ಬಂದರೆ ನಗಿ, ನನ್ನದೇನೂ ಅಡ್ಡಿಯಿಲ್ಲ. ನನಗಂತೂ ಈ ಕತೆ ಹೇಳುವಾಗ ಅರ್ಧಕ್ಕೇ ನಗು ನಿಂತುಬಿಡುತ್ತದೆ.

ಶಿರಹಟ್ಟಿಯಲ್ಲಿ ದ್ರಾಕ್ಷಾಯಣವ್ವ ಅಂತ ಒಬ್ಬಳು. ಗಂಡ ಮಹಾರುದ್ರಪ್ಪ ಪೋಸ್ಟ್ ಆಫೀಸಿನಲ್ಲಿದ್ದ. ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಚಳಿಗಾಲಕ್ಕೆ ಕೆರೆಗೆ ಬರುವ ಬಾತುಗಳ ಹಿಂದೆ ಅಲೆಯುತ್ತಿದ್ದ. ಅವನು ಸತ್ತು ಎರಡು ವರ್ಷ. ಮನೆಯಲ್ಲಿ ಉಳಿದವನು ಒಬ್ಬನೇ ಮಗ, ಕಲ್ಲಿನಾಥ. ಇಪ್ಪತ್ತೆಂಟು ವಯಸ್ಸು, ಮೈಯಲ್ಲಿ ಎತ್ತಿನ ಬಲ, ದೇವರು ಬುದ್ಧಿ ಹಂಚುವಾಗ ಮಾತ್ರ ಅವನು ಬೇರೆ ಎಲ್ಲೋ ಹೋಗಿದ್ದ. ಕೆಟ್ಟವನಲ್ಲ. ಹೇಳಿದ ಮಾತು ಒಂದು ದಿನ ಮೀರಿದವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಎತ್ತು ಈದಿದೆ ಅಂದರೆ ಹೋಗಿ ಕೊಟ್ಟಿಗೆಗೆ ಕಟ್ಟಿ ಬರುವ ಜಾತಿ.

ದ್ರಾಕ್ಷಾಯಣವ್ವನ ಕಣ್ಣು ಮಂಜಾಗುತ್ತ ಬಂದಿತ್ತು. ಕಣ್ಣಿನ ನರ ಒಣಗುತ್ತಿದೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ, ಇದ್ದದ್ದೂ ಬಹಳವೆಂದರೆ ನಾಲ್ಕು ತಿಂಗಳು ಅಂತ ಡಾಕ್ಟರರು ಹೇಳಿಬಿಟ್ಟಿದ್ದರು. ಅಷ್ಟರೊಳಗೆ ಗಂಡನ ಮುಖ ಒಮ್ಮೆ ಕಣ್ತುಂಬ ನೋಡಬೇಕು ಅನ್ನುವುದೊಂದೇ ಅವಳ ಆಸೆ. ಊರೆಲ್ಲರ ಪಟ ತೆಗೆದವನ ಪಟ ಮನೆಯಲ್ಲಿದ್ದದ್ದು ಒಂದೇ, ಅದೂ ಅಂಗೈಯಗಲ. ಅದರಲ್ಲಿ ಅವನ ಮುಖ ಅವಳಿಗೆ ಅವರೆಕಾಳಿನಷ್ಟು ಮಸಿಯಾಗಿ ಕಾಣುತ್ತಿತ್ತು. ಊರಿನ ಸ್ಟುಡಿಯೋದವರು ಮಿರಿಮಿರಿ ಮಿಂಚುವ ಕಾಗದದ ಮೇಲೆ ಸ್ವಲ್ಪ ದೊಡ್ಡದು ಮಾಡಿಕೊಟ್ಟರು. ಆ ಮಿಂಚು ಕಣ್ಣಿಗೆ ಚುಚ್ಚಿ ನೀರು ಬಂತೇ ಹೊರತು ಗಂಡ ಕಾಣಲಿಲ್ಲ.

ಗಂಡನ ಗೆಳೆಯರು ಏಳು ಜನ, ಎಲ್ಲರೂ ಫೋಟೋ ಹುಚ್ಚಿನವರು. ಅವರಲ್ಲಿ ಹಿರಿಯರು ಬಸವಂತ ಮಾಸ್ತರು. ಎಲ್ಲರೂ ಸೇರಿ ಬಾಗಿಲಗಲ ಪಟ ಬರುವ, ಮಿಂಚಿಲ್ಲದ ಕಾಗದದ ಮೇಲೂ ಬಣ್ಣ ಹಿಡಿಯುವ ದೊಡ್ಡ ಪ್ರಿಂಟರ್ ಒಂದನ್ನು ಕೊಳ್ಳುವವರಿದ್ದರು. ಅದನ್ನು ಮಹಾರುದ್ರಪ್ಪನ ಕೋಣೆಯಲ್ಲೇ ಇಡೋಣ, ಕಲ್ಲಿನಾಥ ನಡೆಸಲಿ, ಮೊದಲ ಪಟ ನಿಮ್ಮ ಯಜಮಾನರದೇ ಅಂತ ಮಾಸ್ತರು ಮಾತು ಕೊಟ್ಟರು. ಹುಬ್ಬಳ್ಳಿಗೆ ಹೋಗಿ ಆರಿಸಿ ಬರುವವರು ಯಾರು ಅಂದಾಗ, ನಡೆಸುವವನೇ ಹೋಗಲಿ ಅಂದುಬಿಟ್ಟರು. ಮಾಸ್ತರರೂ ಒಂದು ನಮೂನೆ ಪೆದ್ದರೇ ಅನ್ನಿ.

ಮಶೀನು ಮಂಚದಷ್ಟು ದೊಡ್ಡದಂತೆ ಅಂತ ಕೇಳಿ ದ್ರಾಕ್ಷಾಯಣವ್ವ, ನಮ್ಮ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ನೋಡಿಕೊಂಡು ಬಾ ಅಂದಳು. ಕಲ್ಲಿನಾಥ ಮುಂಬಾಗಿಲನ್ನೇ ಎತ್ತಿ ಕಿತ್ತು, ಬಸ್ಸಿನ ಮೇಲೆ ಏರಿಸಿ, ಹುಬ್ಬಳ್ಳಿಗೆ ಒಯ್ದ. ಅಂಗಡಿಯಲ್ಲಿ ಪ್ರಿಂಟರಿಗೆ ಬಾಗಿಲು ಒರಗಿಸಿ ಹಿಂದೆ ಮುಂದೆ ನೋಡಿ ತಿರುಗಿ ಬಂದ. ಇತ್ತ ತೆರೆದ ಮನೆಗೆ ನಾಯಿ ನುಗ್ಗಿತು. ಅಡುಗೆಮನೆಯಲ್ಲಿ ಕರುಂಕುರುಂ ಸದ್ದು ಕೇಳಿ ಮಗ ಬಂದನೆಂದುಕೊಂಡ ದ್ರಾಕ್ಷಾಯಣವ್ವ, ಸಾವಕಾಶ ಉಣ್ಣು ಮಗನೇ ಅಂದಳು. ನಾಯಿ ಸಾವಕಾಶವಾಗಿಯೇ ಉಂಡು ಬುಟ್ಟಿಯ ರೊಟ್ಟಿಯೆಲ್ಲ ಮುಗಿಸಿತು.

ಸಂಜೆ ಬಾಗಿಲು ಹೊತ್ತು ಬಂದ ಮಗನನ್ನು ಅವಳು ಬಾಯಿಗೆ ಬಂದಂತೆ ಬೈದಳು. "ವಸ್ತು ಒಯ್ಯಬಾರದೋ ಹುಚ್ಚಪ್ಪಾ, ವಸ್ತುವಿನ ಅಳತಿ ಒಯ್ಯಬೇಕು. ಒಂದು ದಾರ ಸಾಕಾಗ್ತಿತ್ತು."

ಆಯ್ತವ್ವ ಅಂದ.

ಮುಂದಿನ ವಾರ ಮಾಸ್ತರು ಒಂದು ಪೆನ್‌ಡ್ರೈವಿನಲ್ಲಿ ಮಹಾರುದ್ರಪ್ಪನ ಪಟ ಹಾಕಿಕೊಟ್ಟರು. ಅಂಗಡಿಯಲ್ಲಿ ಮೂರು ಪ್ರಿಂಟರ್ ಇವೆ, ಮೂರರಲ್ಲೂ ಅಪ್ಪನ ಪಟ ತೆಗೆಸಿ ನೋಡು ಅಂದರು. ಕಲ್ಲಿನಾಥ ಪೆನ್‌ಡ್ರೈವನ್ನು ಜೋಪಾನವಾಗಿ ಗೋಡೆಯ ಮಾಡದಲ್ಲಿಟ್ಟ. ವಸ್ತು ಒಯ್ಯಬಾರದಲ್ಲ! ಅಂಗೈಯಗಲದ ಪಟದ ಮೇಲೆ ದಾರ ಹಿಡಿದು ಗಂಟು ಹಾಕಿದ. ಈ ಗಂಟಿನಿಂದ ಆ ಗಂಟಿಗೆ ಮೂಗು, ಅಲ್ಲಿಂದ ಇಲ್ಲಿಗೆ ಕಿವಿ. ಹುಬ್ಬಳ್ಳಿ ಅಂಗಡಿಯವನ ಕೈಗೆ ದಾರ ಕೊಟ್ಟು, ಇವರು ನಮ್ಮಪ್ಪ, ತೆಗೆದುಕೊಡಿ ಅಂದ. ಆ ಪುಣ್ಯಾತ್ಮ ನಗಲಿಲ್ಲ. ಚಹಾ ಕುಡಿಸಿ ಬಸ್ಸು ಹತ್ತಿಸಿದ.

ಒಂದು ವಾರ ಹಾಳಾಯಿತು. ಅಷ್ಟರಲ್ಲಿ ದ್ರಾಕ್ಷಾಯಣವ್ವನಿಗೆ ಒಲೆಯ ಉರಿ ಕೂಡ ಹೊಗೆಯ ಹಾಗೆ ಕಾಣತೊಡಗಿತ್ತು. ತಲೆ ಚಚ್ಚಿಕೊಂಡಳು, ಅಳತಿ ಬಿಟ್ಟು ಪಟ ಒಯ್ಯೋ ಅಂದಳು. ಮಾಸ್ತರು ತಮ್ಮದೂ ಒಂದು ಬುದ್ಧಿಮಾತು ಸೇರಿಸಿದರು. ಅಂಗಡಿಯ ದೀಪದಲ್ಲಿ ಎಲ್ಲ ಬಣ್ಣವೂ ಚೆಂದವೇ, ಅದನ್ನು ನಂಬಬೇಡ, ಬಿಸಿಲಿಗೆ ಹಿಡಿದು ನೋಡು, ಬಿಸಿಲಲ್ಲಿ ಬಣ್ಣ ನಿಂತದ್ದೇ ನಮ್ಮದು, ನೋಡಿ ಮುಗಿದ ಮೇಲೆ ಫೋನ್ ಮಾಡು ಅಂದರು.

ಕಲ್ಲಿನಾಥ ಹೋದ. ಫೋನ್ ಬರಲಿಲ್ಲ. ಎರಡು ದಿನ, ನಾಲ್ಕು ದಿನ, ಹತ್ತು ದಿನ. ಇವರು ಮಾಡಿದರೆ ಅವನು ಎತ್ತಲಿಲ್ಲ, ನೋಡಿ ಮುಗಿದಿರಲಿಲ್ಲವಲ್ಲ. ದ್ರಾಕ್ಷಾಯಣವ್ವ ಅನ್ನ ಬಿಟ್ಟಳು. ಗಂಡನ ಮುಖ ನೋಡುವ ಆಸೆಗೆ ಮಗನನ್ನೂ ಕಳಕೊಂಡೆ ಅಂತ ಬಾಗಿಲಲ್ಲೇ ಕೂತಳು. ಹದಿನೇಳನೆಯ ದಿನ ಮಾಸ್ತರೇ ಹುಡುಕಿಕೊಂಡು ಹೋದರು. ಅವನು ಅಂಗಡಿಯ ಎದುರಿನ ಕಟ್ಟೆಯ ಮೇಲೆ, ತಲೆಗೆ ಟವೆಲ್ ಸುತ್ತಿಕೊಂಡು, ಸುಟ್ಟು ಕರಿಯಾಗಿ ಕೂತಿದ್ದ. ಎದುರಿಗೆ ಬಿಸಿಲಲ್ಲಿ ಮೂರು ಮಹಾರುದ್ರಪ್ಪ, ನಾಲ್ಕು ಮೂಲೆಗೂ ಕಲ್ಲು. ಮಠದಲ್ಲಿ ಉಂಡು, ಮಠದಲ್ಲೇ ಮಲಗಿ, ಹಗಲೆಲ್ಲ ಅಪ್ಪನನ್ನು ಕಾದಿದ್ದ.

ಮೊದಲನೆಯ ಪಟ ಹಳದಿಗೆ ತಿರುಗಿತ್ತು. ಎರಡನೆಯದರಲ್ಲಿ ಅಂಗಿಯ ನೀಲಿ ಹಾರಿಹೋಗಿತ್ತು. ಮೂರನೆಯದು ಹೇಗಿತ್ತೋ ಹಾಗೇ.

"ಇದ ನಮ್ಮದು ಸರ್," ಅಂದ ಕಲ್ಲಿನಾಥ. "ಈ ಅಪ್ಪ ಹೋಗೂದಿಲ್ಲ."

ಮಾಸ್ತರು ಟವೆಲಿನಲ್ಲಿ ಕಣ್ಣೊರೆಸಿಕೊಂಡರಂತೆ. ಪುಸ್ತಕ ಓದಿ ಓದಿ ಏಳು ಜನ ಜಗಳಾಡಿದ್ದರೂ ಯಾವ ಶಾಯಿ ಒಳ್ಳೆಯದೆಂದು ತೀರ್ಮಾನವಾಗಿರಲಿಲ್ಲ. ಪೆದ್ದ ಬಿಸಿಲಲ್ಲಿ ಕೂತು ತೀರ್ಮಾನ ಮಾಡಿದ್ದ. ಆ ಮೂರನೆಯ ಪ್ರಿಂಟರನ್ನೇ ಗೊತ್ತುಮಾಡಿದರು.

ಆದರೆ ಆ ಹದಿನೇಳು ದಿನದಲ್ಲಿ ದ್ರಾಕ್ಷಾಯಣವ್ವನ ಎಡಗಣ್ಣು ಪೂರ್ತಿ ಆರಿತ್ತು. ಅಂಗಡಿಯವನು ನಮೂನೆಗೆಂದು ಸಣ್ಣದಾಗಿ ತೆಗೆದುಕೊಟ್ಟಿದ್ದ ಆ ಮೂರನೆಯ ಪಟವನ್ನು ಬಲಗಣ್ಣಿನ ಹತ್ತಿರ ಹತ್ತಿರ ಹಿಡಿದಳು. ಕಾಣಲಿಲ್ಲ. ಈ ಸಲ ಅವಳು ಕೂಗಾಡಲಿಲ್ಲ. ಅವನ ಸುಟ್ಟ ಕೆನ್ನೆ ಸವರಿ ಹೇಳಿದಳು, "ನನ್ನ ಕಣ್ಣು ನಿನಗ ಕಾಯೂದಿಲ್ಲೋ ಅಪ್ಪಾ. ಇನ್ನ ಮ್ಯಾಲ ಯಾರು ಏನು ಹೇಳಿದ್ರೂ ನಿಂತ ಕಾಲಮ್ಯಾಲ ಮಾಡಿಬಿಡು."

ಪ್ರಿಂಟರ್ ಬಂತು. ನಾಲ್ಕು ಜನ ಹೊತ್ತು ಮಹಾರುದ್ರಪ್ಪನ ಕೋಣೆಯಲ್ಲಿ ಇಳಿಸಿದರು. ಜೋಡಿಸಲು ಬಂದವನು ಮಿಂಚಿಲ್ಲದ ಕಾಗದದ ಸುರುಳಿ ಹಾಕಿ, ಕಲ್ಲಿನಾಥನ ಕೈಯಿಂದಲೇ ಗುಂಡಿ ಒತ್ತಿಸಿದ. ಮೊದಲು ಕೂದಲು, ಆಮೇಲೆ ಹಣೆ, ಆಮೇಲೆ ಹುಬ್ಬು, ಗೆರೆ ಗೆರೆಯಾಗಿ ಬಾಗಿಲೆತ್ತರದ ಅಪ್ಪ ಇಳಿದು ಬಂದ. ಅದನ್ನು ಗೋಡೆಗೆ ಏರಿಸಿ, ಚೀಲ ಕಟ್ಟಿಕೊಳ್ಳುತ್ತ ಜೋಡಿಸಿದವನು ಒಂದು ಮಾತು ಹೇಳಿದ. ಪಟಕ್ಕೆ ಬೆಳಕೇ ವೈರಿ, ಬೆಳಕು ತಾಕದ ಹಾಗೆ ಇಟ್ಟರೆ ನೂರು ವರ್ಷ ಇರುತ್ತದೆ ಅಂದ. ಹೇಳಿ ಹೋದ.

ಕಲ್ಲಿನಾಥ ನಿಂತ ಕಾಲ ಮೇಲೆ ಶುರುಮಾಡಿದ. ಬೆಳಕಿಂಡಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ. ಕಿಟಕಿ ಮುಚ್ಚಿ ಸಂದಿಗೆಲ್ಲ ಗೋಣಿಚೀಲ ತುರುಕಿದ. ಬಲ್ಬು ಬಿಚ್ಚಿ ಕಿಸೆಗೆ ಹಾಕಿಕೊಂಡ. ಬಾಗಿಲಿನ ಮೇಲಿನಿಂದ ಕೆಳಗಿನವರೆಗೆ ಹೊದೆಯುವ ದಪ್ಪ ಕೌದಿ ಇಳಿಬಿಟ್ಟ. ಆಮೇಲೆ, ಮಶೀನು ಜೋಡಿಸುವ ಗದ್ದಲಕ್ಕೆ ಪಕ್ಕದ ಮನೆಯ ಕಟ್ಟೆಯ ಮೇಲೆ ಹೋಗಿ ಹಾದಿ ನೋಡುತ್ತ ಕೂತಿದ್ದ ತಾಯಿಯ ಹತ್ತಿರ ಓಡಿದ.

"ಬಾರವ್ವ. ಅಪ್ಪ ಬಂದಾರ."

ದ್ರಾಕ್ಷಾಯಣವ್ವ ಸೆರಗು ಸರಿಮಾಡಿಕೊಂಡಳು. ಮುಖ ತೊಳೆದುಕೊಂಡಳು. ಹಣೆಗೆ ವಿಭೂತಿ ಹಚ್ಚಿಕೊಂಡಳು. ಮಗ ಕೈ ಹಿಡಿದು ಒಳಗೆ ಕರೆದೊಯ್ದು, ಪಟದ ಎದುರು ಕೂಡಿಸಿ, ಹಿಂದೆ ಬಾಗಿಲು ಹಾಕಿ ಕೌದಿ ಎಳೆದ.

ಬಿಸಿಲಿನಿಂದ ಬಂದರೆ ಸ್ವಲ್ಪ ಹೊತ್ತು ಕಾಣುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು. ಕಾದಳು. ಬಲಗಣ್ಣು ಉಜ್ಜಿದಳು, ಮತ್ತೆ ಕಾದಳು. ಏನೂ ಇಲ್ಲ, ಮಂಜು ಕೂಡ ಇಲ್ಲ. ಕೈ ಚಾಚಿ ಕಾಗದ ಸವರಿದಳು. ಅದರಲ್ಲಿ ಮೂಗೂ ಇರಲಿಲ್ಲ, ಕೆನ್ನೆಯೂ ಇರಲಿಲ್ಲ.

"ಕಣ್ಣು ಹೋದ್ವು," ಅಂದಳು. "ಇಷ್ಟು ದಿನ ತಡದು, ಇವತ್ತ ಇದೂ ಹೋತು."

ಬೈಯಲಿಲ್ಲ. ಮಗನನ್ನು ಪಕ್ಕಕ್ಕೆ ಎಳೆದು ಕೂಡಿಸಿಕೊಂಡಳು. ನಿನ್ನ ಕಣ್ಣಿಂದಲೇ ನೋಡುತ್ತೇನೆ, ಹೇಳು, ನಗುತ್ತಿದ್ದಾರೋ, ಸಿಟ್ಟಿನಲ್ಲಿದ್ದಾರೋ ಅಂತ ಕೇಳಿದಳು. ಕಲ್ಲಿನಾಥ ನೋಡಿದ. ಕತ್ತು ಮುಂದೆ ಮಾಡಿ ನೋಡಿದ, ಕಣ್ಣರಳಿಸಿ ನೋಡಿದ. ಆಮೇಲೆ ಹೋ ಅಂತ ಅಳತೊಡಗಿದ.

"ಯವ್ವಾ, ನನಗೂ ಕಾಣವಲ್ದು. ನನ್ನ ಕಣ್ಣೂ ಹೋದ್ವು."

ದ್ರಾಕ್ಷಾಯಣವ್ವ ತಟ್ಟನೆ ತಲೆ ಎತ್ತಿದಳು. ಮೂಗಿಗೆ ಹಸಿ ಮಣ್ಣಿನ ವಾಸನೆ ಬಡಿಯಿತು. ಬೆಳಕಿಂಡಿಗೆ ಏನು ಮಾಡಿದೆ ಅಂತ ಕೇಳಿದಳು, ಕಿಟಕಿಗೆ ಏನು ಮಾಡಿದೆ ಅಂತ ಕೇಳಿದಳು, ಅವನು ಬಿಕ್ಕುತ್ತ ಎಲ್ಲ ಹೇಳಿದ. ಅವಳು ಬಲಗಣ್ಣನ್ನು ಕೈಯಿಂದ ಮುಟ್ಟಿ ನೋಡಿಕೊಂಡಳು. ಇನ್ನೂ ಇದೆ, ಈ ಕಣ್ಣು ಇನ್ನೂ ಇದೆ.

"ಏಳೋ," ಅಂದಳು, "ಆ ಕಿಟಕಿ ತೆರಿ."

"ಕುರುಡಗ ಕಿಟಕಿ ಹೆಂಗ ಕಾಣಬೇಕವ್ವ?" ಅಂದ ಕಲ್ಲಿನಾಥ.

ಕಡೆಗೆ ಕಣ್ಣು ಹೋಗುತ್ತಿದ್ದ ತಾಯಿಯೇ ಎರಡು ಕಣ್ಣಿದ್ದ ಮಗನ ಕೈ ಹಿಡಿದುಕೊಂಡು, ಗೋಡೆ ತಡವುತ್ತ ಕಿಟಕಿಯ ಕಡೆ ನಡೆದಳು.