ಹುಲಿ ಹೊಲಿಸಿಕೊಂಡ ಎಲೆಯಂಗಿ

ಬಿದಿರುಮೆಳೆಗಳ ನಡುವೆ ಒಂದು ಹೊಳೆ ಹರಿಯುತ್ತಿತ್ತು. ಹೊಳೆಯ ಈಚೆ ದಡದಲ್ಲಿ ಎತ್ತರದ ಹುಲ್ಲು, ಆಚೆ ದಡದಲ್ಲಿ ತೇಗದ ಮರಗಳು. ಆ ಹುಲ್ಲಿನಲ್ಲಿ ಜಿಂಕೆಗಳ ದೊಡ್ಡ ಹಿಂಡು ಮೇಯುತ್ತಿತ್ತು. ಅದೇ ಕಾಡಿನಲ್ಲಿ ಪಟ್ಟೆರಾಯ ಎಂಬ ಹುಲಿಯೂ ಇದ್ದ. ರಾಯ ಎಂದ ಕೂಡಲೇ ದೊಡ್ಡ ದರ್ಬಾರು ಅಂದುಕೊಳ್ಳಬೇಡಿ ಮಕ್ಕಳೇ. ಅಮ್ಮನನ್ನು ಬಿಟ್ಟು ಬಂದು ಮೂರು ತಿಂಗಳಾಗಿತ್ತು, ಅಷ್ಟೆ. ಆ ಮೂರು ತಿಂಗಳಲ್ಲಿ ಅವನು ಎಷ್ಟು ಜಿಂಕೆ ಹಿಡಿದಿದ್ದ ಗೊತ್ತೇ? ಒಂದೂ ಇಲ್ಲ. ಹೊಳೆಯ ಏಡಿ, ಒಂದೆರಡು ಉಡ, ಕಾಲು ಮುರಿದುಕೊಂಡು ಬಿದ್ದಿದ್ದ ಒಂದು ಮುದಿ ಹಂದಿ, ಇಷ್ಟರಲ್ಲೇ ರಾಯರ ಊಟ ಸಾಗುತ್ತಿತ್ತು.

ಬೇಟೆಗೆ ಹೋಗುತ್ತಿರಲಿಲ್ಲ ಅಂತಲ್ಲ. ದಿನಾ ಹೋಗುತ್ತಿದ್ದ. ಹುಲ್ಲಿನಲ್ಲಿ ಹೊಂಚು ಹಾಕಿ ಕೂತರೆ ಹತ್ತು ಎಣಿಸುವಷ್ಟರಲ್ಲಿ ಅವನಿಗೆ ಬೇಸರ ಬರುತ್ತಿತ್ತು. ಬಾಲ ತನ್ನಷ್ಟಕ್ಕೆ ತಾನೇ ಅತ್ತಿತ್ತ ಆಡುತ್ತಿತ್ತು. ಜಿಂಕೆ ಎಲ್ಲಿಗೆ ಬಂತು ಅಂತ ಎದ್ದು ನಿಂತು ಇಣುಕುತ್ತಿದ್ದ. ಹೊರಡುವ ಮುಂಚೆ ಮೂಗು ಒದ್ದೆ ಮಾಡಿಕೊಂಡು ಗಾಳಿ ನೋಡು, ಗಾಳಿ ಎದುರಿಗೆ ಬಂದರೆ ಮುಂದೆ ಹೋಗು, ಬೆನ್ನಿಗೆ ಬಂದರೆ ಮಲಗು ಎಂದು ಅಮ್ಮ ನೂರು ಸಲ ಹೇಳಿಕೊಟ್ಟಿದ್ದಳು. ಅವಳು ಹೇಳುವಾಗ ಇವನು ಹೊಳೆಯ ನೀರಿನಲ್ಲಿ ತನ್ನ ಮೀಸೆ ನೋಡಿಕೊಳ್ಳುತ್ತಿದ್ದ.

ಒಂದು ಬೆಳಿಗ್ಗೆ ನೀರು ಕುಡಿಯುವಾಗ ಅವನು ತನ್ನ ಮೈಯನ್ನು ಪೂರ್ತಿ ನೋಡಿಕೊಂಡ. ಸುತ್ತ ಹಸಿರು ಹುಲ್ಲು, ಮಧ್ಯದಲ್ಲಿ ಅರಿಶಿನ ಚೆಲ್ಲಿದ ಹಾಗೆ ತಾನು, ಮೇಲೆ ಕಪ್ಪು ಪಟ್ಟೆ ಬೇರೆ. ಬೇಟೆ ತಪ್ಪಿಸುತ್ತಿದ್ದ ಕಳ್ಳ ಸಿಕ್ಕಿಬಿದ್ದ ಅನ್ನಿಸಿತು ಅವನಿಗೆ. ಇಷ್ಟು ಎದ್ದು ಕಾಣುವ ಬಣ್ಣ ಹೊತ್ತುಕೊಂಡು ತಿರುಗಿದರೆ ಯಾವ ಜಿಂಕೆ ತಾನೇ ಹತ್ತಿರ ಸುಳಿದೀತು? ತಪ್ಪು ತನ್ನದಲ್ಲ, ಮೈಬಣ್ಣದ್ದು ಎಂದು ಗೊತ್ತಾದ ಮೇಲೆ ಅವನಿಗೆ ಎಷ್ಟೋ ಹಗುರವಾಯಿತು.

ಹಗುರವಾದದ್ದು ಮನಸ್ಸು ಮಾತ್ರವಲ್ಲ, ಮೈಯೂ ಹಗುರವಾಗಿತ್ತು. ಪಕ್ಕೆಲುಬು ಎಣಿಸುವಂತಿತ್ತು. ಕಾಡಿನ ಅಂಚಿನಿಂದ ಊರ ದನಗಳ ಗಂಟೆಯ ಸದ್ದು ಕೇಳಿದಾಗಲೆಲ್ಲ ಅವನ ಕಾಲು ಆ ಕಡೆಗೇ ಎಳೆಯುತ್ತಿತ್ತು. ಆದರೆ ಹೋಗಲು ಹೆದರಿಕೆ. ಹೋದ ವರ್ಷ ಅವನ ಅಣ್ಣ ಹೀಗೇ ಹಸಿವು ತಡೆಯಲಾರದೆ ಊರ ಕೊಟ್ಟಿಗೆಗೆ ಹೋಗಿದ್ದ. ಹೋದವನು ವಾಪಸು ಬರಲಿಲ್ಲ. ಅಮ್ಮ ಒಂದು ವಾರ ಕಾಡಿನ ಅಂಚಿನಲ್ಲಿ ಕಾದಳು, ಆಮೇಲೆ ಅವನ ಹೆಸರೆತ್ತುವುದನ್ನೇ ಬಿಟ್ಟಳು. ಕಾಡಿನಲ್ಲಿ ಜಿಂಕೆ ಸಿಗದಿದ್ದರೆ ಪಟ್ಟೆರಾಯನಿಗೂ ಉಳಿದಿದ್ದು ಅದೊಂದೇ ದಾರಿ.

ಹುಲ್ಲಿನ ಅಂಚಿನಲ್ಲಿ ಒಂದು ಕವಳೆ ಹಣ್ಣಿನ ಪೊದೆಯಿತ್ತು. ಅದರಲ್ಲಿ ಟುವ್ವಕ್ಕ ಎಂಬ ಸಿಂಪಿಗ ಹಕ್ಕಿಯ ಮನೆ. ಎಲೆಗೆ ಎಲೆ ಸೇರಿಸಿ, ಕೊಕ್ಕನ್ನೇ ಸೂಜಿ ಮಾಡಿಕೊಂಡು ಗೂಡು ಹೊಲಿಯುವ ಹಕ್ಕಿ ಅವಳು. ಹೆಬ್ಬೆರಳಿನಷ್ಟು ಮೈ, ಬಾಯಿ ಮಾತ್ರ ಊರಗಲ. ಪಟ್ಟೆರಾಯ ಅವಳ ಹತ್ತಿರ ಹೋಗಿ, ತನಗೊಂದು ಹಸಿರು ಎಲೆಯಂಗಿ ಬೇಕು, ತೊಟ್ಟರೆ ಹುಲ್ಲಿನಲ್ಲಿ ಯಾರಿಗೂ ಕಾಣಬಾರದು ಎಂದು ಕೇಳಿಕೊಂಡ.

ಟುವ್ವಕ್ಕನ ಗೂಡಿನಲ್ಲಿ ಆಗ ಮೂರು ಮೊಟ್ಟೆಗಳಿದ್ದವು. ಕಾಡುಬೆಕ್ಕೊಂದು ಎರಡು ದಿನದಿಂದ ಅತ್ತಲೇ ಮೂಗು ತೂರಿಸುತ್ತಿತ್ತು. ಅಂಗಿ ಹೊಲಿದು ಮುಗಿಸುವವರೆಗೆ ರಾಯರು ಪೊದೆಯ ಬುಡದಲ್ಲಿ ಕಾವಲು ಕೂರಬೇಕು, ಅದೇ ಕೂಲಿ ಎಂದಳು ಅವಳು. ಪಟ್ಟೆರಾಯ ಒಪ್ಪಿದ. ಟುವ್ವಕ್ಕ ಹುಲ್ಲುಕಡ್ಡಿ ಹಿಡಿದು ಮೂಗಿನಿಂದ ಬಾಲದವರೆಗೆ ಕುಪ್ಪಳಿಸುತ್ತಾ ಅಳತೆ ತೆಗೆದುಕೊಂಡಳು. ಅಳತೆ ಕೊಡುವಾಗ ರಾಯರು ಹೊಟ್ಟೆ ಒಳಗೆ ಎಳೆದುಕೊಂಡರಂತೆ. ಎಳೆದುಕೊಳ್ಳಲು ಹೊಟ್ಟೆ ಎಲ್ಲಿತ್ತೋ ನನಗೆ ಗೊತ್ತಿಲ್ಲ.

ಹಬ್ಬಕ್ಕೆ ಬಟ್ಟೆ ಹೊಲಿಯಲು ಕೊಟ್ಟು ಟೈಲರ್ ಅಂಗಡಿಗೆ ಅಲೆದವರಿಗೆ ಮುಂದಿನ ಕತೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ದಿನ ತೇಗದ ಅಗಲವಾದ ಹಸಿರೆಲೆ ರಾಶಿ ಬಿತ್ತು, ಬೆನ್ನಿನ ಭಾಗ ಅರ್ಧ ಆಯಿತು. ಎರಡನೆಯ ದಿನ ದಾರ ಮುಗಿಯಿತು, ಜೇಡರ ಬಲೆ ಹುಡುಕಲು ಹೋಗಬೇಕಾಯಿತು. ಮೂರನೆಯ ದಿನ ಮೊಟ್ಟೆಗೆ ಕಾವು ಕೊಡುವ ಸರದಿ ಅವಳದು. ನಾಲ್ಕನೆಯ ದಿನ ಪಟ್ಟೆರಾಯ ಕೇಳಿದಾಗ ಅವಳು ತಲೆ ಎತ್ತದೆ, "ನಾಳೆ ಸಂಜೆ ಕೊಟ್ಟುಬಿಡ್ತೀನಿ ರಾಯರೇ, ಕುತ್ತಿಗೆಪಟ್ಟಿ ಒಂದೇ ಬಾಕಿ" ಎಂದಳು. ಆ ಕುತ್ತಿಗೆಪಟ್ಟಿ ಐದು ದಿನ ಬಾಕಿ ಇತ್ತು.

ಐದನೆಯ ದಿನ ಮಧ್ಯಾಹ್ನ ಒಂದು ಸಂಗತಿ ನಡೆಯಿತು. ಪಟ್ಟೆರಾಯ ಪೊದೆಯ ಬುಡದಲ್ಲಿ ಗಲ್ಲ ನೆಲಕ್ಕಿಟ್ಟು ಬಿದ್ದುಕೊಂಡಿದ್ದ. ಕೂಗಾಡಿದರೆ ಮೊಟ್ಟೆ ಬೆಚ್ಚುತ್ತದೆ, ಬಾಲ ಆಡಿಸಿದರೆ ಗೂಡು ಅಲ್ಲಾಡುತ್ತದೆ ಎಂದು ಟುವ್ವಕ್ಕ ಗದರಿಸಿದ್ದರಿಂದ ಕಲ್ಲಿನಂತೆ ಸುಮ್ಮನಿದ್ದ. ಹೊಳೆಯ ಕಡೆಯಿಂದ ಗಾಳಿ ಮುಖಕ್ಕೆ ಬೀಸುತ್ತಿತ್ತು. ಎರಡು ಹೆಣ್ಣು ಜಿಂಕೆಗಳು ಮೇಯುತ್ತಾ ಮೇಯುತ್ತಾ ಅವನ ಮೂರು ಹೆಜ್ಜೆ ಹತ್ತಿರಕ್ಕೆ ಬಂದವು. ಒಂದು ಅವನ ಕಡೆಗೇ ನೋಡಿತು ಕೂಡ. ನೋಡಿ, ಬಗ್ಗಿ, ಹುಲ್ಲು ಕಿತ್ತುಕೊಂಡು ಹೋಯಿತು.

ನೀವಾಗಿದ್ದರೆ ಹಾರುತ್ತಿದ್ದಿರಿ. ನಮ್ಮ ಪಟ್ಟೆರಾಯ ಏನು ಮಾಡಿದ ಗೊತ್ತೇ? ನಿಟ್ಟುಸಿರು ಬಿಟ್ಟ. ಅಯ್ಯೋ, ಈಗ ಅಂಗಿ ಒಂದು ಸಿದ್ಧವಾಗಿದ್ದಿದ್ದರೆ ಎಂಥ ಬೇಟೆಯಾಗುತ್ತಿತ್ತು ಎಂದು ಹಲುಬುತ್ತಾ ಅಲ್ಲೇ ಮಲಗಿದ.

ಒಂಬತ್ತನೆಯ ದಿನ ಅಂಗಿ ಸಿದ್ಧವಾಯಿತು. ಅಷ್ಟು ಹೊತ್ತಿಗೆ ತೇಗದೆಲೆಗಳೆಲ್ಲ ಒಣಗಿ ಕಂದಾಗಿದ್ದವು. ತಾನು ಕೇಳಿದ್ದು ಹಸಿರು ಎಂದು ಪಟ್ಟೆರಾಯ ಮುಖ ಸಣ್ಣ ಮಾಡಿದ. ಟುವ್ವಕ್ಕ ಸೋಲುವವಳೇ? "ಇನ್ನೇನು ಬೇಸಿಗೆ ಬಂತಲ್ಲ ರಾಯರೇ, ಈಗ ಇದೇ ಬಣ್ಣ ಒಪ್ಪೋದು. ನಿಮಗೆ ಎಷ್ಟು ಚೆನ್ನಾಗಿ ಕೂತಿದೆ ನೋಡಿ" ಎಂದಳು. ಚೆನ್ನಾಗಿದೆ ಎಂದರೆ ಸಾಕು, ರಾಯರು ಕರಗಿಬಿಟ್ಟರು.

ಅಂಗಿ ತೊಟ್ಟವನೇ ಪಟ್ಟೆರಾಯ ನೆಟ್ಟಗೆ ಹುಲ್ಲುಗಾವಲಿಗೆ ಹೊರಟ. ಅಂಗಿ ಇದೆಯಲ್ಲ, ಇನ್ನು ಬಗ್ಗಿ ನಡೆಯುವುದೇಕೆ, ಗಾಳಿ ನೋಡುವುದೇಕೆ? ಗಾಳಿ ಬೆನ್ನಿನ ಕಡೆಯಿಂದ ಬೀಸುತ್ತಿತ್ತು. ಒಂದೊಂದು ಹೆಜ್ಜೆಗೂ ಎಲೆಗಳು ಹಪ್ಪಳ ಮುರಿದ ಹಾಗೆ ಚರಚರ ಅನ್ನುತ್ತಿದ್ದವು. ಅವನು ಅರ್ಧ ದಾರಿಯಲ್ಲಿರುವಾಗಲೇ ಹಿಂಡಿನ ಕಿವಿಗಳೆಲ್ಲ ಎದ್ದು ನಿಂತವು. ಮುಕ್ಕಾಲು ದಾರಿಗೆ ಬರುವಷ್ಟರಲ್ಲಿ ಹಿಂಡು ಹೊಳೆ ದಾಟಿ ಆಚೆ ದಡದಲ್ಲಿತ್ತು. ಪಟ್ಟೆರಾಯ ಓಡಿದ. ಅಂಗಿ ಒಂದು ಕಡೆ ಮುಳ್ಳಿಗೆ ಸಿಕ್ಕಿ ಹರಿಯಿತು, ಇನ್ನೊಂದು ಕಡೆ ಕಾಲಿಗೆ ಸುತ್ತಿಕೊಂಡಿತು. ರಾಯರು ದಬಕ್ಕನೆ ಹೊಳೆಗೆ ಬಿದ್ದರು.

ಹಿಂಡಿನಲ್ಲಿ ಕೊಂಬಣ್ಣ ಎಂಬ ಗಂಡು ಜಿಂಕೆಯಿತ್ತು. ದೊಡ್ಡ ಕವಲುಗೊಂಬು, ಅದಕ್ಕಿಂತ ದೊಡ್ಡ ಮಾತು. ಆಚೆ ದಡದಲ್ಲಿ ನಿಂತು ನಕ್ಕೂ ನಕ್ಕೂ ಅವನಿಗೆ ಸಾಕಾಯಿತು. ಇದೇನು ವೇಷ ಎಂದು ಕೇಳಿದ. ನನ್ನ ಬಣ್ಣ ನಿಮಗೆ ಕಾಣದಿರಲಿ ಅಂತ, ಎಂದು ಪಟ್ಟೆರಾಯ ನೀರು ಸುರಿಸುತ್ತಾ ಒಪ್ಪಿಕೊಂಡ.

"ಯಾವ ಬಣ್ಣವೋ ಮಾರಾಯ?" ಎಂದ ಕೊಂಬಣ್ಣ. "ನಮ್ಮ ಕಣ್ಣಿಗೆ ಹುಲ್ಲೂ ಒಂದೇ, ನೀನೂ ಒಂದೇ. ಮೊದಲು ನಿನ್ನ ವಾಸನೆ ಬಂತು. ಅದರ ಹಿಂದೆ ಸದ್ದು ಬಂತು. ಆಮೇಲೆ ಒಂದು ಪೊದೆ ಎದ್ದು ನಡೆದುಕೊಂಡು ಬಂತು. ನಡೆಯೋ ಪೊದೆ ನೋಡಿ ಯಾರಾದರೂ ನಿಂತಿರ್ತಾರಾ? ನೀನು ಬರಿಮೈಯಲ್ಲಿ ಸುಮ್ಮನೆ ಬಿದ್ದುಕೊಂಡಿದ್ದರೆ, ನಿನ್ನ ಮೀಸೆ ತುಳಿದುಕೊಂಡೇ ಹೋಗ್ತಿದ್ದೆ."

ಹಿಂಡಿನ ಮುದಿ ಜಿಂಕೆಯೊಂದು ಅವನ ಪಕ್ಕೆಗೆ ತಿವಿದು, ಹೇಳಿದ್ದು ಸಾಕು, ನಡೆ ಎಂದು ಗದರಿತು. ಕೊಂಬಣ್ಣ ಇನ್ನೂ ನಗುತ್ತಲೇ ಹೋದ.

ಪಟ್ಟೆರಾಯನಿಗೆ ಆಗ ಆ ಮಾತು ತಲೆಗೆ ಹೋಗಲಿಲ್ಲ. ಹಸಿವು, ಅವಮಾನ ಎರಡೂ ಸೇರಿ ಕಣ್ಣು ಕತ್ತಲೆ ಬರುತ್ತಿತ್ತು. ದನದ ಗಂಟೆ ಕೇಳಿಸಿದ ಕಡೆಗೆ ನಡೆದ. ಕಾಡಿನ ಕೊನೆಯ ಮರದ ಹತ್ತಿರ ನಿಂತು ನೋಡಿದರೆ ಗೂಟಕ್ಕೆ ಕಟ್ಟಿದ ಒಂದು ಕರು. ಒಂದೇ ನೆಗೆತ ಸಾಕಿತ್ತು. ಆದರೆ ಅಣ್ಣನೂ ಇದೇ ಮರದ ಹತ್ತಿರ ನಿಂತಿರಬೇಕು ಅನ್ನಿಸಿ ಅವನಿಗೆ ಭಯವಾಯಿತು, ಅಳುವೂ ಬಂತು. ಅಳುತ್ತಾ ನಿಂತವನಿಗೆ ಇದ್ದಕ್ಕಿದ್ದಂತೆ ಆ ಐದನೆಯ ದಿನದ ಎರಡು ಜಿಂಕೆಗಳು ನೆನಪಾದವು. ಅಂದು ಅವನ ಮೈಮೇಲೆ ಅಂಗಿ ಇರಲಿಲ್ಲ. ಆದರೂ ಅವು ಅವನನ್ನೇ ನೋಡಿ, ಹುಲ್ಲು ತಿಂದುಕೊಂಡು ಹೋಗಿದ್ದವು.

ಪಟ್ಟೆರಾಯ ಮೈಮೇಲೆ ಉಳಿದಿದ್ದ ಹರಕು ಅಂಗಿಯನ್ನು ಕೊಡವಿ ಬೀಳಿಸಿ, ಕರುವಿಗೆ ಬೆನ್ನು ಹಾಕಿ ಕಾಡಿಗೆ ತಿರುಗಿದ.

ಮರುದಿನ ಬೆಳಿಗ್ಗೆ ಹೊಳೆಗೆ ಹೋಗಿ ಮೂಗು ಒದ್ದೆ ಮಾಡಿಕೊಂಡ. ಗಾಳಿ ಹೊಳೆಯ ಕಡೆಯಿಂದ ಬರುತ್ತಿತ್ತು. ಕವಳೆ ಪೊದೆಯ ಬುಡದಲ್ಲಿ ಹೊಳೆಗೆ ಮುಖ ಮಾಡಿ ಮಲಗಿದ. ಬಾಲವನ್ನು ನಂಬುವಂತಿರಲಿಲ್ಲ, ಅದನ್ನು ಹೊಟ್ಟೆಯಡಿ ಮಡಚಿಕೊಂಡು ಅದರ ಮೇಲೇ ಮಲಗಿದ. ಟುವ್ವಕ್ಕ ಬಂದು, ಅಂಗಿ ರಿಪೇರಿಗೆ ತಂದಿರಾ ಎಂದು ಕೇಳಿದಳು. ಪಟ್ಟೆರಾಯ ಹೊಳೆಯ ಮೇಲಿಂದ ಕಣ್ಣು ತೆಗೆಯಲಿಲ್ಲ. ತನ್ನ ಹೊಲಿಗೆಯಲ್ಲಿ ತಪ್ಪಿಲ್ಲ, ನಡೆದವರ ಕಾಲಿನಲ್ಲೇ ತಪ್ಪು ಎಂದಳು. ಆ ಮಾತು ಎಷ್ಟು ನಿಜವೋ ಅವಳಿಗೇ ಗೊತ್ತಿರಲಿಲ್ಲ ಬಿಡಿ. ಇರುವೆಯೊಂದು ಪಟ್ಟೆರಾಯನ ಕಿವಿ ಕಚ್ಚಿತು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಹುಟ್ಟಿದ ಮೇಲೆ ಅಷ್ಟು ಹೊತ್ತು ಅವನು ಒಂದೇ ಕಡೆ ಇದ್ದದ್ದು ಅದೇ ಮೊದಲು.

ಸಂಜೆಯ ಹೊತ್ತಿಗೆ ಹಿಂಡು ಹೊಳೆ ದಾಟಿ ಬಂತು. ಎಲ್ಲರಿಗಿಂತ ಮುಂದೆ ಕೊಂಬಣ್ಣ. ಪೊದೆ ನಡೆದುಕೊಂಡು ಬಂದ ಕತೆಯನ್ನು ಎಳೆಯ ಜಿಂಕೆಗಳಿಗೆ ನಾಲ್ಕನೆಯ ಸಲ ಹೇಳುತ್ತಿದ್ದ. ಹೇಳುವ ಭರದಲ್ಲಿ ಹಿಂದಕ್ಕೆ ನೋಡುತ್ತಾ ಮುಂದಕ್ಕೆ ನಡೆಯುತ್ತಿದ್ದ. ಹತ್ತು ಹೆಜ್ಜೆಯಾಯಿತು, ಐದಾಯಿತು, ಎರಡಾಯಿತು. ಅವನ ಗೊರಸು ಪಟ್ಟೆರಾಯನ ಮೀಸೆಯ ಮೇಲೆಯೇ ಬಿತ್ತು. ಕೊಂಬಣ್ಣನ ಕತೆ ಅಲ್ಲಿಗೆ ನಿಂತಿತು.

ಆ ದಿನ ಪಟ್ಟೆರಾಯ ಹೊಟ್ಟೆ ತುಂಬ ಉಂಡ. ಊರಿನ ಗಂಟೆ ಆಮೇಲೂ ಕೇಳಿಸಿತು, ಕಾಲು ಆ ಕಡೆ ಎಳೆಯಲಿಲ್ಲ.

ಟುವ್ವಕ್ಕ ಸುಮ್ಮನಿರುತ್ತಾಳೆಯೇ? ಬೆಳಗಾಗುವಷ್ಟರಲ್ಲಿ, ತನ್ನ ಅಂಗಿಯಿಂದಲೇ ರಾಯರಿಗೆ ಜಿಂಕೆ ಸಿಕ್ಕಿತು ಎಂದು ಕಾಡಿಗೆಲ್ಲ ಸಾರಿದ್ದಳು. ಬಿಸಿಲೇರುವ ಮುಂಚೆಯೇ ಕವಳೆ ಪೊದೆಯ ಮುಂದೆ ಸಾಲು ನಿಂತಿತು. ಚಿರತೆ, ಕಾಡುನಾಯಿ, ದೂರದಲ್ಲಿ ನಾಚಿಕೊಂಡು ಆ ಕಾಡುಬೆಕ್ಕು. ಎಲ್ಲರ ಬಾಯಲ್ಲೂ ಒಂದೊಂದು ಕಟ್ಟು ತೇಗದೆಲೆ. ಸಾಲಿನ ಕೊನೆಯಲ್ಲಿದ್ದ ನರಿ ಮಾತ್ರ ಅನುಮಾನ ಬಂದು, ಮರದಡಿ ಮಲಗಿದ್ದ ಪಟ್ಟೆರಾಯನ ಹತ್ತಿರ ಹೋಯಿತು.

"ರಾಯರೇ, ಅಂಗಿ ಹೊಲಿಸಿದ ಮೇಲೇ ಅಲ್ಲವೇ ನಿಮಗೆ ಜಿಂಕೆ ಸಿಕ್ಕಿದ್ದು?"

ಪಟ್ಟೆರಾಯ ಒಂದು ಕಣ್ಣು ತೆರೆದ. ಬಾಲ ಕೂಡ ಅಲ್ಲಾಡಿಸಲಿಲ್ಲ.

"ಅಲ್ಲ. ಅಂಗಿ ಹರಿದ ಮೇಲೆ" ಎಂದ.

ನರಿ ಒಮ್ಮೆ ಅವನನ್ನು, ಒಮ್ಮೆ ಉದ್ದವಾಗುತ್ತಿದ್ದ ಸಾಲನ್ನು ನೋಡಿತು. ಆಮೇಲೆ ಓಡಿಹೋಗಿ ಸಾಲಿನಲ್ಲಿ ತನ್ನ ಜಾಗ ಹಿಡಿದುಕೊಂಡಿತು. ಟುವ್ವಕ್ಕ ಎಲ್ಲರಿಗೂ ನಾಳೆ ಸಂಜೆ ಬರಲು ಹೇಳುತ್ತಿದ್ದಳು.

ನೀತಿ: ಕೆಲಸ ಕೆಟ್ಟಾಗ ಹೊತ್ತ ಬಣ್ಣವನ್ನು ದೂರುವ ಮೊದಲು ಇಟ್ಟ ಹೆಜ್ಜೆಯನ್ನು ನೋಡಿಕೊಳ್ಳಬೇಕು.