ಎದೆಬಡಿತದ ಜಪ

ಕಪಿಲೆಯ ದಡದ ಆಶ್ರಮದಲ್ಲಿ ನಂಜುಂಡನಷ್ಟು ಜಪ ಮಾಡುವ ಶಿಷ್ಯ ಇನ್ನೊಬ್ಬನಿರಲಿಲ್ಲ. ಕೂತರೂ ನಿಂತರೂ ಕೈಯಲ್ಲಿ ಮಣಿ ಓಡುತ್ತಲೇ ಇರುತ್ತಿತ್ತು.

ಎಲ್ಲರೂ ಭೇಷ್ ಅಂದರು. ಗುರು ಸಿದ್ದಮ್ಮನವರು ಮಾತ್ರ ಅನ್ನಲಿಲ್ಲ.

ಒಂದು ಮಧ್ಯಾಹ್ನ ಹೊಂಗೆಮರದ ಕೆಳಗೆ ಅವನನ್ನು ಹಿಡಿದರು.

"ಯಾವ ದೇವರೋ ಅದು, ಇಷ್ಟೊಂದು ಅವಸರದ್ದು?"

ನಂಜುಂಡ ತಲೆ ತಗ್ಗಿಸಿದ. "ದೇವರ ಹೆಸರಲ್ಲ ಅಮ್ಮಾ. ಎದೆಬಡಿತ ಎಣಿಸ್ತಿದ್ದೀನಿ. ಒಂದು ಬಡಿತಕ್ಕೆ ಒಂದು ಮಣಿ."

ಅಯ್ಯೋ ಶಿವನೇ! ಮೂರು ತಿಂಗಳ ಹಿಂದೆ ಅವನಿಗೆ ಜ್ವರ ಬಂದು, ಹೃದಯದ ಸ್ನಾಯು ಊದಿಕೊಂಡಿತ್ತು. ಆಸ್ಪತ್ರೆಯಿಂದ ಬಂದ ದಿನದಿಂದಲೂ ಈ ಎಣಿಕೆ ನಡೆದಿತ್ತು, ಯಾರಿಗೂ ಹೇಳದೆ.

"ಮೊನ್ನೆ ಡಾಕ್ಟರು ಏನಂದ್ರು?"

"ಊತ ಇಳಿದಿದೆಯಂತೆ. ನರಗಳಿಗೆ ಮಾತ್ರ ಇನ್ನೂ ಸುದ್ದಿ ಮುಟ್ಟಿಲ್ಲವಂತೆ. ಅಪಾಯ, ಅಪಾಯ ಅಂತ ಹೃದಯವನ್ನ ಓಡಿಸ್ತಾನೇ ಇವೆಯಂತೆ. ಹೀಗೇ ಓಡ್ತಿದ್ರೆ ಸ್ನಾಯು ಸೋತುಹೋಗುತ್ತೆ, ಊತ ಮತ್ತೆ ಬಂದರೂ ಬಂತು ಅಂದ್ರು."

"ಮಾತ್ರೆ?"

"ಒಂದೂ ತಪ್ಪಿಸಿಲ್ಲ."

"ನಿದ್ದೆ?"

ಅವನು ಎದೆಯ ಮೇಲೆ ಕೈಯಿಟ್ಟುಕೊಂಡ. "ಮಲಗಿದಾಗ ಅದು ನಿಂತುಬಿಟ್ರೆ? ಭಯ ಆಗುತ್ತಮ್ಮಾ. ನನಗೆ ಸಾಯೋಕೆ ಇಷ್ಟ ಇಲ್ಲ. ಶಾಸ್ತ್ರ ಓದಿದವನು ಹೀಗನ್ನಬಾರದು, ಗೊತ್ತು."

"ಯಾಕನ್ನಬಾರದು? ನನಗೂ ಇಷ್ಟ ಇಲ್ಲ."

ಅಷ್ಟಂದು ಸಿದ್ದಮ್ಮನವರು ಜಪಮಾಲೆಯನ್ನು ಅವನ ಕೈಯಿಂದ ಕಿತ್ತುಕೊಂಡರು. ಮರದ ಕೆಳಗೆ ಚಾಪೆ ಹಾಸಿದರು.

"ಮಲಗು. ಕೈ ಕೊಡಿಲ್ಲಿ. ಇವತ್ತು ಎಣಿಸೋ ಕೆಲಸ ನಂದು."

"ಏನಾದ್ರೂ ಏರುಪೇರಾದ್ರೆ?"

"ಎಬ್ಬಿಸ್ತೀನಿ."

"ಖಂಡಿತಾ ಎಬ್ಬಿಸ್ತೀರಾ?"

"ಬಾಯಿ ಮುಚ್ಕೊಂಡು ಮಲಗೋ ಮಾರಾಯ, ಎಣಿಕೆ ತಪ್ಪುತ್ತೆ."

ಅವರ ಬೆರಳು ಅವನ ನಾಡಿಯ ಮೇಲೆ ಕೂತಿತು. ಒಂದು, ಎರಡು, ಮೂರು ಅಂತ ಗಟ್ಟಿಯಾಗಿಯೇ ಶುರುಮಾಡಿದರು. ಸದ್ಯ, ಕಾಯುವುದಕ್ಕೆ ಇನ್ನೊಬ್ಬರಿದ್ದಾರೆ ಅನ್ನಿಸಿ ನಂಜುಂಡನಿಗೆ ಅಳು ಬಂತು. ನಲವತ್ತರವರೆಗೆ ಕೇಳಿಸಿಕೊಂಡ.

ಎಚ್ಚರವಾದಾಗ ಬಿಸಿಲು ಹೊಳೆಯ ಆಚೆ ದಡಕ್ಕೆ ಸರಿದಿತ್ತು. ಮೂರು ತಿಂಗಳಲ್ಲಿ ಅಷ್ಟು ಹೊತ್ತು ಅವನು ಒಂದೇ ಸಮನೆ ಮಲಗಿದ್ದೇ ಇಲ್ಲ. ಎದೆ ಮೆಲ್ಲಗೆ, ಸಮವಾಗಿ ಬಡಿಯುತ್ತಿತ್ತು. ಅಬ್ಬಾ ಅಂದುಕೊಂಡ. ಮೈಯೆಲ್ಲ ಹಗುರಾಗಿ ನಗುವೇ ಬಂದುಬಿಟ್ಟಿತು.

ಸಿದ್ದಮ್ಮನವರು ಅವನ ಕೈ ಹಿಡಿದುಕೊಂಡೇ ಮರಕ್ಕೆ ಒರಗಿದ್ದರು.

"ಎಷ್ಟಾಯ್ತಮ್ಮಾ?"

ಅವರು ಕಣ್ಣುಜ್ಜಿಕೊಂಡರು.

"ಮುನ್ನೂರರ ಹತ್ತಿರ ನನಗೂ ನಿದ್ದೆ ಬಂದುಬಿಡ್ತು ಕಣೋ. ಈಗ ಎದ್ದು ನೋಡಿದ್ರೆ, ಅದರ ಪಾಡಿಗೆ ಅದು ನಡೀತಾನೇ ಇದೆ."