ಎಡಗಡೆ ಇಂಡಿಕೇಟರ್

ಇದನ್ನ ಯಾರ ಹತ್ರಾನೂ ಹೇಳಬಾರದು ಅಂತ ಅಪ್ಪ ನನ್ನಿಂದ ಭಾಷೆ ತಗೊಂಡಿದ್ರು. ಒಂದು ವರ್ಷ ಹೇಳ್ಲಿಲ್ಲ. ಇವತ್ತೇ ಮೊದಲು. ಸರಿಯಾಗಿ ಹೇಳೋಕೆ ಬರುತ್ತೋ ಇಲ್ವೋ ಗೊತ್ತಿಲ್ಲ.

ಕೊಳ್ಳೇಗಾಲದಲ್ಲಿ ನೀಲಕಂಠಯ್ಯ ಅಂತ ಒಬ್ಬರು ಗುರುಗಳು ತತ್ವಪದ ಹೇಳಿಕೊಡ್ತಾರೆ. ಅಪ್ಪ ಟ್ಯಾಕ್ಸಿ ಓಡಿಸ್ತಾರೆ, ಆ ಗುರುಗಳ ಶಿಷ್ಯರು. ಪ್ರತಿ ಭಾನುವಾರ ಬೆಳಗ್ಗೆ ಅಪ್ಪ ಹಾಡು ಕಲೀತಿದ್ರು, ನಾನು ಪಕ್ಕದಲ್ಲಿ ಕೂತು ಪದಗಳನ್ನ ನೋಟ್‌ಬುಕ್ಕಲ್ಲಿ ಬರ್ಕೊಳ್ತಿದ್ದೆ. ಹೋದ ವರ್ಷ ಒಂದು ಭಾನುವಾರ ಅಪ್ಪ ತಾಳ ಕೆಳಗಿಟ್ಟು ಗುರುಗಳನ್ನ ಕೇಳಿದ್ರು.

“ಬುದ್ಧೀ, ನನ್ನ ಹೆಂಡ್ತಿ ಮಾತೆತ್ತಿದ್ರೆ ರೇಗ್ತಾಳೆ. ಬೀದಿಯೋರ ಜೊತೆ ನಗ್ತಾ ನಗ್ತಾ ಇರ್ತಾಳೆ, ನಾನು ಒಳಗೆ ಕಾಲಿಟ್ರೆ ಸಾಕು, ಶುರು. ಹಾಸಿಗೆ ಹಿಡಿದಿರೋ ನಮ್ಮವ್ವನ ಎದುರಿಗೂ ಬಿಡಲ್ಲ. ನಾಳೆ ಹನೂರಿಗೆ ಕರ್ಕೊಂಡೋಗಿ ಅವರಪ್ಪನ ಮನೇಲಿ ಬಿಟ್ಬುಡ್ತೀನಿ. ತಪ್ಪಾ?”

ನನ್ನ ಪೆನ್ನು ನಿಂತ್ಹೋಯ್ತು. ಬೆಳಗ್ಗೆ ಅಮ್ಮ ಯಾಕೆ ಸೀರೆಗಳನ್ನ ಮಡಚಿ ಬ್ಯಾಗಿಗೆ ಹಾಕ್ತಿದ್ಲು ಅಂತ ಆಗ ಗೊತ್ತಾಯ್ತು.

ಗುರುಗಳು ತಪ್ಪು ಅಂತಾನೂ ಹೇಳ್ಲಿಲ್ಲ, ಸರಿ ಅಂತಾನೂ ಹೇಳ್ಲಿಲ್ಲ. ಒಂದು ಕತೆ ಹೇಳಿದ್ರು.

ಒಬ್ಬ ಡ್ರೈವರ್ ಇದ್ದ. ಅವನ ಕಾರಿನ ಎಡಗಡೆ ಇಂಡಿಕೇಟರ್ ಒಂದು ದಿನ ಸಿಕ್ಕಾಪಟ್ಟೆ ಜೋರಾಗಿ ಬಡ್ಕೊಳ್ಳೋಕೆ ಶುರು ಮಾಡ್ತು. ಬಲಗಡೆಯದು ನಿಧಾನವಾಗಿ ಟಿಕ್, ಟಿಕ್ ಅಂತಿತ್ತು. ಎಡಗಡೆಯದು ಟಿಕಟಿಕಟಿಕ ಅಂತ ಒಂದೇ ಸಮ. ಡ್ರೈವರ್ ಇಳಿದು ಮುಂದೆ ನಿಂತು ನೋಡ್ದ. ಮುಂದಿನ ದೀಪ ಹುಚ್ಚು ಹಿಡಿದಂಗೆ ಮಿಟುಕ್ತಿತ್ತು.

ಆಮೇಲೆ ಅವನು ನಾಲ್ಕೂ ಕಡೆ ದೀಪ ಒಟ್ಟಿಗೆ ಮಿಟುಕಿಸೋ ಕೆಂಪು ಸ್ವಿಚ್ ಒತ್ತಿದ. ಅದೇ ದೀಪ ಸಮಾಧಾನವಾಗಿ ಮಿಟುಕ್ತು. ಮತ್ತೆ ಎಡಕ್ಕೆ ಹಾಕಿದ. ಮತ್ತೆ ಟಿಕಟಿಕಟಿಕ. ನಾಲ್ಕು ಜನರ ಮಧ್ಯೆ ಸಾಧು, ನನ್ನ ಹತ್ರ ಮಾತ್ರ ಆಟ ಅಂತ ಅವನಿಗೆ ಸಿಟ್ಟು ಬಂತು. ಆ ದೀಪದ ಬಲ್ಬ್ ಬದಲಾಯಿಸ್ದ. ಕಮ್ಮಿ ಆಗ್ಲಿಲ್ಲ. ದೀಪ ಮಿಟುಕಿಸೋ ಫ್ಲ್ಯಾಷರ್ ಡಬ್ಬಿ ಬದಲಾಯಿಸ್ದ. ಕಮ್ಮಿ ಆಗ್ಲಿಲ್ಲ. ಕೊನೆಗೆ, ಈ ದೀಪಾನೇ ಬೇಡ, ಎಡಕ್ಕೆ ತಿರುಗುವಾಗ ಕೈ ತೋರಿಸಿದ್ರಾಯ್ತು ಅಂತ ಇಕ್ಕಳ ತಗೊಂಡು ವೈರ್ ಕತ್ತರಿಸೋಕೆ ಹೊರಟ.

ಅಪ್ಪ ತಡೀಲಾರದೆ ನಕ್ಬಿಟ್ರು.

“ಯಾವ ಪೆದ್ದ ಬುದ್ಧೀ ಅವನು! ಅವನಿಗೆ ಲೈಸೆನ್ಸ್ ಕೊಟ್ಟೋರು ಯಾರು? ಮುಂದಿನ ದೀಪಕ್ಕೆ ಏನೂ ಆಗಿಲ್ಲ. ಹಿಂದಿಂದು ಆರಿಹೋಗಿರ್ತದೆ. ಜೊತೇದು ಕೆಲಸ ನಿಲ್ಲಿಸ್ತು ಅಂದ್ರೆ ಇದು ಹಂಗೇ ಬಡ್ಕೊಳ್ಳೋದು. ಇಕ್ಕಳ ಬಿಸಾಕಿ ಹಿಂದಕ್ಕೆ ಹೋಗಿ ನೋಡು ಅನ್ನಿ ಅವನಿಗೆ.”

“ಹಿಂದಿನದು ಸುಟ್ಟೇ ಹೋಗಿರ್ತದಾ?” ಅಂತ ಗುರುಗಳು ಕೇಳಿದ್ರು.

“ಎಷ್ಟೋ ಸಲ ಇಲ್ಲ ಬುದ್ಧೀ. ಬಲ್ಬ್ ಚೆನ್ನಾಗೇ ಇರ್ತದೆ. ಅದು ಕೂರೋ ಜಾಗಕ್ಕೆ ನೀರು ಇಳಿದು ಕಿಲುಬು ಹಿಡಿದಿರ್ತದೆ. ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದ್ರೆ ಹತ್ಕೊಳ್ತದೆ. ಮುಂದಿಂದನ್ನ ಮುಟ್ಟೋದೇ ಬೇಡ, ತಾನಾಗೇ ನಿಧಾನ ಆಯ್ತದೆ.”

ಗುರುಗಳು ಎದ್ದರು.

“ನಿನ್ನ ಮನೇಲಿ ಆ ಹಿಂದಿನ ದೀಪ ಯಾರಪ್ಪಾ?” ಅಂದು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು.

ಅಪ್ಪನ ಮುಖದಲ್ಲಿ ಇನ್ನೂ ಅರ್ಧ ನಗು ಉಳ್ಕೊಂಡಿತ್ತು. ಅದೂ ಹೋಯ್ತು. ಎರಡು ವರ್ಷದಿಂದ ಅಜ್ಜಿನ ಎತ್ತಿ ಕೂರಿಸೋದು, ಮೈ ತೊಳೆಯೋದು, ಊಟ ತಿನ್ನಿಸೋದು ಎಲ್ಲ ಅಮ್ಮನೇ. ಅಪ್ಪ ಬಂದ್ರೆ ಟಿವಿ ಮುಂದೆ. ನಾನು ನೋಟ್‌ಬುಕ್ಕಿಂದ ತಲೆ ಎತ್ತಲಿಲ್ಲ. ಎತ್ತಿದ್ರೆ ನಕ್ಬಿಡ್ತಿದ್ನೋ ಅತ್ಬಿಡ್ತಿದ್ನೋ ಗೊತ್ತಿಲ್ಲ.

ಅಪ್ಪ ಜೇಬಿಂದ ಫೋನ್ ತೆಗೆದು ಹನೂರಿಗೆ ಮಾಡಿದ್ರು.

“ಮಾವ, ನಾಳೆ ನಾವು ಬರ್ತಿಲ್ಲ. ಇಲ್ಲ ಇಲ್ಲ, ಅವಳಿಗೇನೂ ಆಗಿಲ್ಲ. ಅವಳು ಚೆನ್ನಾಗೇ ಅವ್ಳೆ.”

ಆಗ ನಾನು ಪೆನ್ನು ಕೆಳಗಿಟ್ಟೆ. ಒತ್ತಿ ಹಿಡ್ಕೊಂಡಿದ್ದ ಬೆರಳು ನೋಯ್ತಿತ್ತು. ಆ ಬೆರಳನ್ನ ಬಾಯಲ್ಲಿಟ್ಕೊಂಡು ಕೂತೆ. ಎಷ್ಟು ಹಗುರ ಅನ್ನಿಸ್ತು ಅಂದ್ರೆ, ಅವತ್ತು ಬರ್ಕೊಂಡಿದ್ದ ಪದ ಯಾವುದು ಅಂತಾನೇ ಮರೆತುಹೋಯ್ತು.

ಅಪ್ಪ ಎದ್ದು ಗುರುಗಳ ಬಾಗಿಲ ಹತ್ರ ಹೋದ್ರು. ಬೆರಳಿನ ಗಿಣ್ಣಲ್ಲಿ ಮೆಲ್ಲಗೆ ಬಡಿದ್ರು.

“ಬುದ್ಧೀ, ಮನೆಗೆ ಹೋದ ತಕ್ಷಣ ಮೊದಲು ಏನ್ ಮಾಡ್ಲಿ?”

ಗುರುಗಳು ಬಾಗಿಲು ತೆಗೀಲಿಲ್ಲ.